ಕಲ್ಯಾಣದಿಂದ ಹುಮನಾಬಾದಿಗೆ ಒಂದು ಪ್ರತಿ

ಬಸವಕಲ್ಯಾಣ
ಸೋಮವಾರ ಬೆಳಿಗ್ಗೆ, ಕರೆಂಟು ಹೋದ ಹೊತ್ತು

ಮೊಮ್ಮಗಳೇ,

ನಿನ್ನೆ ರಾತ್ರಿ ನೀನು ಕಳಿಸಿದ ಫೋಟೊ ನೋಡಿದೆನವ್ವಾ. ಹೊಸ ನೆಟ್‌ವರ್ಕ್ ಡ್ರೈವು ದೇವರ ಜಗುಲಿ ಏರಿ ವೀರಭದ್ರ ದೇವರ ಪಟದ ಪಕ್ಕ ಕೂತಿದೆ. ನೆತ್ತಿಗೆ ಕುಂಕುಮ, ಮುಂದೆ ಎಣ್ಣೆದೀಪ. ಇದು ನಿಮ್ಮವ್ವನ ಕೆಲಸ ಎಂದು ಬೇರೆ ಹೇಳಬೇಕಿಲ್ಲ. ನಮ್ಮ ಮನೆಗೆ ಮೊದಲ ಸಲ ಟೆಲಿಫೋನು ಬಂದಾಗ ನಿಮ್ಮಜ್ಜಿ ಅದಕ್ಕೂ ಮಲ್ಲಿಗೆ ಏರಿಸಿದ್ದಳು. ಮೂರನೇ ದಿನ ಹೂವಿನ ನೀರು ಒಳಗಿಳಿದು ಗಂಟೆಯೇ ನಿಂತುಹೋಯಿತು. ಊರ ಮಂದಿಯ ಫೋನು ರಿಪೇರಿ ಮಾಡುವವನ ಮನೆಯಲ್ಲೇ ಫೋನು ಸತ್ತಿದೆ ಎಂದು ಎಕ್ಸ್‌ಚೇಂಜಿನಲ್ಲಿ ವಾರವಿಡೀ ನಕ್ಕರು.

ಫೋಟೊದ ಕೆಳಗೆ ನೀನು ಬರೆದದ್ದು ಒಂದೇ ಸಾಲು: ‘ಅಜ್ಜಾ, ಹಸಿರು ದೀಪ ಹತ್ತೇದ, ಲ್ಯಾಪ್‌ಟಾಪಿನ್ಯಾಗ ಮಾತ್ರ ಕಾಣವಲ್ದು.’

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಫೋನಿನಲ್ಲಿ ‘ಹೂಂ ಅಜ್ಜಾ, ಹೂಂ ಅಜ್ಜಾ’ ಅನ್ನುತ್ತ ಇನ್ನೊಂದು ಕೈಯಿಂದ ಏನೋ ಒತ್ತುತ್ತಿರುತ್ತೀ. ಈ ಕೆಲಸದಲ್ಲಿ ಹಾಗೆ ಒತ್ತಿದವರ ಗತಿ ಏನಾಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ; ಆ ಕತೆ ಮುಂದೆ ಬರುತ್ತದೆ. ಕಾಗದವಾದರೆ ಮಗ್ಗುಲಲ್ಲಿಟ್ಟುಕೊಂಡು ಒಂದೊಂದೇ ಮಾಡಬಹುದು. ಕರೆಂಟು ಬರುವತನಕ ನನಗೂ ಬೇರೆ ಕೆಲಸವಿಲ್ಲ.

ನಾನು ತಂತಿಯ ಮನುಷ್ಯ. 1974ರಲ್ಲಿ ಕೆಲಸಕ್ಕೆ ಸೇರಿದಾಗ ಅಂಚೆಯೂ ತಂತಿಯೂ ಒಂದೇ ಇಲಾಖೆ. 1985ರಲ್ಲಿ ದೂರಸಂಪರ್ಕ ಬೇರೆಯಾಯಿತು, 2000ದ ಅಕ್ಟೋಬರ್ 1ಕ್ಕೆ ಬಿಎಸ್‌ಎನ್‌ಎಲ್ ಆಯಿತು, 2012ರಲ್ಲಿ ನನಗೆ ಹಾರ ಹಾಕಿ ಮನೆಗೆ ಕಳಿಸಿದರು. ಬೋರ್ಡು ಬದಲಾದರೂ ನನ್ನ ಕೆಲಸ ಬದಲಾಗಲಿಲ್ಲ: ಎರಡು ತಂತಿಯ ಒಂದು ಜೋಡಿ, ಈ ತುದಿಯಲ್ಲಿ ಒಬ್ಬ, ಆ ತುದಿಯಲ್ಲಿ ಒಬ್ಬ, ನಡುವೆ ಎಲ್ಲೋ ಕಡಿದಿದೆ, ಹುಡುಕು. ನಿನ್ನ ಡ್ರೈವಿನ ಜೊತೆ ಬಂದಂಥದೇ ಕೇಬಲ್ಲನ್ನು ಮೊದಲ ಸಲ ಬಿಚ್ಚಿ ನೋಡಿದಾಗ ನನಗೆ ಹಳೇ ಗೆಳೆಯ ಸಿಕ್ಕಂತಾಯಿತು. ಒಳಗೆ ಎಂಟು ತಂತಿ, ನಾಲ್ಕು ಜೋಡಿ. ನೀಲಿ, ಕಿತ್ತಳೆ, ಹಸಿರು, ಕಂದು. ಮೂವತ್ತೆಂಟು ವರ್ಷ ಟೆಲಿಫೋನ್ ಕೇಬಲ್ಲಿನಲ್ಲಿ ನಾನು ಎಣಿಸಿದ್ದು ಇದೇ ಬಣ್ಣ, ಇದೇ ಕ್ರಮ. ಹೊಸಕಾಲದ ವಿದ್ಯೆ ಎಂದು ನೀವು ಮೆರೆಯುವುದರ ಅರ್ಧ ನಮ್ಮ ಗುಂಡಿಗಳೊಳಗೇ ಹೂತು ಬಿದ್ದಿದೆ.

ಈಗ ನಿನ್ನ ಸಂಗತಿಗೆ ಬರೋಣ. ಡ್ರೈವು ಕೆಟ್ಟಿಲ್ಲ, ಕೇಬಲ್ಲೂ ಕೆಟ್ಟಿಲ್ಲ. ಫೋಟೊ ದೊಡ್ಡದು ಮಾಡಿ ನೋಡಿದೆ. ಕೆಳಗಿನ ಪಡಸಾಲೆಯಲ್ಲಿ ಇಂಟರ್‌ನೆಟ್ಟಿನವರು ಗೋಡೆಗೆ ಬಡಿದುಹೋದ ಫೈಬರ್ ಡಬ್ಬಿ ಇದೆಯಲ್ಲ, ಅದಕ್ಕೆ ನೀನು ಡ್ರೈವ್ ಹಚ್ಚಿದ್ದೀ. ಸರಿ. ಆದರೆ ಲ್ಯಾಪ್‌ಟಾಪು ಇರುವುದು ಮೇಲಿನ ಕೋಣೆಯಲ್ಲಿ. ಅಲ್ಲಿ ಕಲ್ಲುಗೋಡೆ ದಾಟಿ ವೈಫೈ ಬರುವುದಿಲ್ಲವೆಂದು ನಿಮ್ಮಪ್ಪ ಇನ್ನೊಂದು ರೌಟರ್ ತಂದು ಕೂಡಿಸಿದ್ದಾನೆ. ರೋಗ ಇರುವುದು ಇಲ್ಲಿ. ಅವನು ತಂದದ್ದು ಬರೀ ವೈಫೈ ಹಬ್ಬಿಸುವ ಯಂತ್ರವಲ್ಲ. ತನ್ನದೇ ಓಣಿ ಕಟ್ಟಿ, ತನ್ನದೇ ಮನೆನಂಬರು ಹಂಚುವ ಇನ್ನೊಬ್ಬ ಗೌಡ. ಕೆಳಗಿನ ಡಬ್ಬಿ 192.168.1 ಎಂದು ಶುರುವಾಗುವ ನಂಬರು ಕೊಡುತ್ತದೆ, ಮೇಲಿನದು 192.168.0 ಎಂದು ಶುರುವಾಗುವುದನ್ನು ಕೊಡುತ್ತದೆ. ಡ್ರೈವು ಒಂದು ಓಣಿಯಲ್ಲಿ, ಲ್ಯಾಪ್‌ಟಾಪು ಇನ್ನೊಂದರಲ್ಲಿ. ‘ನಾನಿದ್ದೀನಿ, ನಾನಿದ್ದೀನಿ’ ಎಂದು ಡ್ರೈವು ಕೂಗುತ್ತಲೇ ಇರುತ್ತದೆ. ಆ ಕೂಗು ಓಣಿಯ ಬಾಗಿಲು ದಾಟುವುದಿಲ್ಲ.

ಇದರಲ್ಲೊಂದು ಮೋಜು ಇದೆ. ಮೇಲಿನ ಲ್ಯಾಪ್‌ಟಾಪಿನಿಂದ ಡ್ರೈವಿನ ಪೂರ್ತಿ ನಂಬರನ್ನು ಕೈಯಾರೆ ಒತ್ತಿದರೆ ಅದು ಸಿಕ್ಕೇಬಿಡುತ್ತದೆ, ಏಕೆಂದರೆ ಮೇಲಿನಿಂದ ಕೆಳಗಿಳಿಯುವ ದಾರಿ ತೆರೆದಿರುತ್ತದೆ. ಅದೇ ಡ್ರೈವನ್ನು ಮೇಲಿಟ್ಟು ಕೆಳಗಿನ ಪಡಸಾಲೆಯಿಂದ ಕರೆದರೆ ಸಿಗುವುದಿಲ್ಲ. ನಡುವಿನ ಗೌಡ ಕದ ಹಾಕಿಕೊಂಡಿರುತ್ತಾನೆ. ನನಗೆ ಇದು ಗೊತ್ತಾಗಲು ಹೋದ ವರ್ಷ ಒಂದಿಡೀ ಭಾನುವಾರ ಹಿಡಿಯಿತು. ನಿನಗೆ ಅಷ್ಟು ಹಿಡಿಯುವುದು ಬೇಡ. ಮೇಲಿನ ರೌಟರಿನ ಸೆಟ್ಟಿಂಗಿನಲ್ಲಿ ‘ಆಕ್ಸೆಸ್ ಪಾಯಿಂಟ್’ ಎಂಬುದನ್ನು ಆರಿಸು, ಉಳಿಸು, ರೌಟರನ್ನು ಒಮ್ಮೆ ಆಫ್ ಮಾಡಿ ಹಚ್ಚು. ಆ ಆಯ್ಕೆಯೇ ಇಲ್ಲದ ಹಳೇ ರೌಟರಾದರೆ ಬೇರೆ ದಾರಿ ಇದೆ: ಅದರ ಸ್ವಂತ ನಂಬರನ್ನು ಕೆಳಗಿನ ಓಣಿಯದೇ ಒಂದು ಖಾಲಿ ನಂಬರಿಗೆ ಬದಲಿಸಿ, ಡಿಎಚ್‌ಸಿಪಿ ಎಂಬ ನಂಬರು ಹಂಚುವ ಕೆಲಸ ನಿಲ್ಲಿಸಿ, ಕೆಳಗಿನಿಂದ ಬರುವ ಕೇಬಲ್ಲನ್ನು ‘ವ್ಯಾನ್’ ಎಂಬ ತೂತಿನಿಂದ ಕಿತ್ತು ‘ಲ್ಯಾನ್’ ಎಂಬುದಕ್ಕೆ ಹಚ್ಚು. ಆಗ ಎರಡನೇ ಗೌಡ ಬರೀ ತಳವಾರನಾಗುತ್ತಾನೆ. ಮನೆಯೆಲ್ಲ ಒಂದೇ ಓಣಿ.

ಮತ್ತೊಂದು ಸಣ್ಣ ಮಾತು. ನಿನ್ನ ಫೋನು ಮನೆಯ ವೈಫೈಗೋ ಅತಿಥಿ ವೈಫೈಗೋ ಯಾವುದಕ್ಕೆ ಅಂಟಿದೆ ನೋಡು. ನಮ್ಮೂರಲ್ಲಿ ಬಂದವರ ಓಣಿ ಇದೆಯಲ್ಲ, ದೂರದೂರದಿಂದ ಕಲ್ಯಾಣಕ್ಕೆ ಬಂದ ಶರಣರು ಇಳಿದುಕೊಳ್ಳುತ್ತಿದ್ದರು ಎಂದು ಹಿರಿಯರು ಹೇಳುವ ಓಣಿ, ರೌಟರಿನ ‘ಗೆಸ್ಟ್’ ಅಂದರೆ ಅದೇ. ಬಂದವರಿಗೆ ನೀರು, ನೆರಳು, ಇಂಟರ್‌ನೆಟ್ಟು ಎಲ್ಲ ಕೊಡುತ್ತದೆ; ಒಳಮನೆಯ ಪೆಟ್ಟಿಗೆ ಮಾತ್ರ ತೋರಿಸುವುದಿಲ್ಲ. ಹಾಗಿರುವುದೇ ಒಳ್ಳೆಯದು. ನಿನ್ನ ಗೆಳತಿಯರು ಬಂದಾಗ ಅವರಿಗೆ ಆ ಪಾಸ್‌ವರ್ಡನ್ನೇ ಕೊಡು.

ಡ್ರೈವು ಕಂಡಿತು ಅಂದುಕೊ. ಸಂಭ್ರಮ ಬೇಡ, ಮೊದಲು ಅದಕ್ಕೆ ಕಾಯಂ ವಿಳಾಸ ಕೊಡು. ಇಲ್ಲವಾದರೆ ನಾಳೆ ಕರೆಂಟು ಹೋಗಿ ಬಂದಾಗ ಎಲ್ಲ ಯಂತ್ರಗಳೂ ಎದ್ದು ನಂಬರಿಗಾಗಿ ಸಾಲು ನಿಲ್ಲುತ್ತವೆ. ನಿನ್ನೆ 5 ಇದ್ದದ್ದು ಇವತ್ತು 9 ಆಗಿರಬಹುದು. ಲ್ಯಾಪ್‌ಟಾಪು ಹಳೇ ಮನೆಯ ಕದ ತಟ್ಟಿ ‘ಯಾರೂ ಇಲ್ಲ’ ಎಂದು ವಾಪಸು ಬರುತ್ತದೆ. ನೀವು ಹುಡುಗರು ಆಗ ಡ್ರೈವು ಕೆಟ್ಟಿತು ಅನ್ನುತ್ತೀರಿ. ನಮ್ಮ ಕಡೆ ಕರೆಂಟು ಹೋಗುವುದು ಬರುವುದು ಹೇಗೆ ಎಂದು ನಿನಗೆ ಹೇಳಬೇಕೆ, ಈ ಕಾಗದ ಹುಟ್ಟಿದ್ದೇ ಆ ಪುಣ್ಯದಿಂದ. ಡ್ರೈವಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಎರಡೆರಡಾಗಿ ಬಿಡಿಸಿ ಬರೆದ ಹನ್ನೆರಡು ಅಂಕೆ-ಅಕ್ಷರಗಳಿವೆ. ಅದು ಅದರ ಹುಟ್ಟುಗುರುತು, ಮ್ಯಾಕ್ ವಿಳಾಸ. ಕೆಳಗಿನ ಡಬ್ಬಿಯ ಪುಟದಲ್ಲಿ ‘ಈ ಗುರುತಿನವನಿಗೆ ಯಾವಾಗಲೂ ಈ ನಂಬರು’ ಎಂದು ಕಾಯ್ದಿರಿಸುವ ಜಾಗ ಇರುತ್ತದೆ. ಒಮ್ಮೆ ಬರೆದರೆ ಮುಗಿಯಿತು. ಆಮೇಲೆ ವಿಂಡೋಸಿನ ಫೈಲ್ ಕಿಟಕಿಯ ಮೇಲ್ಪಟ್ಟಿಯಲ್ಲಿ ಎರಡು ಹಿಮ್ಮುಖ ಓರೆಗೆರೆ ಹಾಕಿ ಆ ನಂಬರು ಒತ್ತು, ಹೆಸರು-ಪಾಸ್‌ವರ್ಡು ಕೊಡು, ಫೋಲ್ಡರಿಗೆ ಒಂದು ಅಕ್ಷರ ಕೊಟ್ಟು ಕಾಯಂ ಮಾಡು.

ನಿಮ್ಮಪ್ಪನ ಹಳೇ ಕಂಪ್ಯೂಟರಿನ ಬಗ್ಗೆ ಒಂದೇ ಮಾತು. ಅದರಲ್ಲಿ ಡ್ರೈವು ಕಾಣದಿದ್ದರೆ ಯಾರೋ ಹೇಳುತ್ತಾರೆ, ‘ಎಸ್‌ಎಂಬಿ 1 ಚಾಲೂ ಮಾಡಿ, ಸರಿಹೋಗುತ್ತದೆ’ ಎಂದು. ಸರಿಹೋಗುತ್ತದೆ, ಹೌದು. ಮನೆಯ ಬೀಗ ಕಿತ್ತರೂ ಬಾಗಿಲು ಸಲೀಸಾಗಿ ತೆರೆಯುತ್ತದೆ. ಫೈಲು ಕೊಟ್ಟುಕೊಳ್ಳುವ ಆ ಹಳೇ ಭಾಷೆಯ ಬಿರುಕಿನಿಂದಲೇ 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಪೀಡೆ ಜಗತ್ತಿನ ಆಸ್ಪತ್ರೆ, ಕಾರ್ಖಾನೆಗಳಿಗೆಲ್ಲ ನುಗ್ಗಿ ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳಿದ್ದು. ಅದನ್ನು ಮುಟ್ಟಬೇಡ. ಆ ಕಂಪ್ಯೂಟರಿಗೂ ವಯಸ್ಸಾಗಿದೆ, ನಿವೃತ್ತಿ ಕೊಡಿಸು. ನನಗೆ ಕೊಟ್ಟಂತೆ ಒಂದು ಹಾರ ಹಾಕಿದರೂ ಆದೀತು.

ಇನ್ನು ಒತ್ತಿದವನ ಕತೆ. ನನ್ನಲ್ಲೂ ನಿನ್ನಂಥದೇ ಡ್ರೈವಿನ ಡಬ್ಬಿ ಇದೆ, ಅದರಲ್ಲಿ ಎರಡು ಡಿಸ್ಕು ಕೂಡಿಸುವ ಜಾಗವಿದೆ. ಹೊಸದೇಕೆ ಎಂದು ಜಿಪುಣತನ ಮಾಡಿ ಹಳೇ ಕಂಪ್ಯೂಟರಿನ ಡಿಸ್ಕು ಬಿಚ್ಚಿ ಒಂದು ಖಾನೆಗೆ ತುರುಕಿದೆ. ಯಂತ್ರ ಮರ್ಯಾದೆಯಿಂದಲೇ ಕೇಳಿತು: ‘ಈ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ?’ ನಾನು ‘ಸರಿ’ ಒತ್ತಿದೆ. ಏಕೆ ಒತ್ತಿದೆ ಎಂದು ಕೇಳಬೇಡ. ಅವತ್ತು ಅದು ಹತ್ತು ಸಲ ಏನೇನೋ ಕೇಳಿತ್ತು, ಹತ್ತು ಸಲವೂ ಸರಿ ಅಂದಿದ್ದೆ, ಇದು ಹನ್ನೊಂದನೆಯದು. ಅಳಿದದ್ದು ಏನು ಗೊತ್ತೇ? 2017ರ ಅಕ್ಟೋಬರ್ 29ಕ್ಕೆ ಬೀದರ್-ಕಲಬುರಗಿ ರೈಲುದಾರಿ ಉದ್ಘಾಟನೆಯಾಯಿತು. 110 ಕಿಲೋಮೀಟರ್ ಹಳಿಗೆ ನಮ್ಮ ಸೀಮೆ ಎಷ್ಟು ವರ್ಷ ಕಾದಿತ್ತು! ಮೊದಲ ವಾರದಲ್ಲೇ ನಿನ್ನನ್ನು ಹೆಗಲ ಮೇಲೆ ಕೂಡಿಸಿಕೊಳ್ಳುವ ಆಸೆಯಿಂದ ಹುಮನಾಬಾದ್ ಸ್ಟೇಷನ್ನಿಗೆ ಬಂದಿದ್ದೆ. ನೀನು ಅಷ್ಟೊತ್ತಿಗೆ ನನ್ನಷ್ಟೇ ಎತ್ತರವಾಗಿದ್ದೆ, ಕೂಡಲಿಲ್ಲ. ರೈಲು ಬರುವುದನ್ನು ನಾನು ವಿಡಿಯೊ ಮಾಡಿದ್ದೆ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಒಬ್ಬ ಮುದುಕ ರೈಲಿಗೆ ಕೈಮುಗಿಯುತ್ತಿದ್ದ, ಅದೂ ಅದರಲ್ಲಿತ್ತು. ಆ ವಿಡಿಯೊ ಇದ್ದದ್ದು ಆ ಡಿಸ್ಕಿನಲ್ಲಿ. ಇನ್ನೆಲ್ಲೂ ಇರಲಿಲ್ಲ.

ಬ್ಯಾಕಪ್ ಮಾಡಲೆಂದೇ ತಂದ ಯಂತ್ರದಿಂದ ನಾನು ಕಳೆದುಕೊಂಡದ್ದು ಇದು. ನಗು, ಪರವಾಗಿಲ್ಲ.

ಆದ್ದರಿಂದ ನಿನ್ನ ಹಳೇ ಡಿಸ್ಕನ್ನು ಡಬ್ಬಿಯೊಳಗೆ ಹಾಕಬೇಡ. ಹೊಸ ಡಿಸ್ಕು ಹಾಕಿ, ಹಳೆಯದನ್ನು ಲ್ಯಾಪ್‌ಟಾಪಿಗೆ ಹಚ್ಚಿ, ನೆಟ್‌ವರ್ಕಿನ ಮೇಲೆ ನಕಲು ಮಾಡು. ಆ ಮೊದಲ ನಕಲಿಗೆ ವೈಫೈ ಬೇಡ, ತಂತಿ ಹಚ್ಚು. ನೀನು ಕೂಡಿಹಾಕಿದ ಹಾಡು, ಫೋಟೊ ಎಲ್ಲ ಸೇರಿ 600 ಗಿಗಾಬೈಟ್ ಇದೆ ಎಂದು ನೀನೇ ಅಂದಿದ್ದೆ. ಫೈಬರ್ ಡಬ್ಬಿಯ ನಾಲ್ಕು ತೂತು ನೋಡಲು ಒಂದೇ ಥರ. ಆದರೆ ಎಷ್ಟೋ ಡಬ್ಬಿಗಳಲ್ಲಿ ಒಂದು ಮಾತ್ರ ಗಿಗಾಬಿಟ್ಟಿನದು, ಉಳಿದವು 100 ಮೆಗಾಬಿಟ್ಟಿನವು. ತಪ್ಪು ತೂತಿನಲ್ಲಿ ಸೆಕೆಂಡಿಗೆ 11 ಮೆಗಾಬೈಟು ಸಾಗುತ್ತದೆ, 600 ಗಿಗಾಬೈಟಿಗೆ 15 ಗಂಟೆ. ಎರಡೂ ತುದಿ ಗಿಗಾಬಿಟ್ಟಾದರೆ 110 ಮೆಗಾಬೈಟಿನವರೆಗೆ, ಒಂದೂವರೆ ಗಂಟೆ. ಕೇಬಲ್ಲೂ ಅಷ್ಟೇ. ನೀಲಿ ಅಥವಾ ಕಂದು ಜೋಡಿಯಲ್ಲಿ ಒಂದು ತಂತಿ ಕಡಿದರೂ ಸಾಮಾನ್ಯವಾಗಿ ದೀಪ ಹತ್ತಿರುತ್ತದೆ, ಕೆಲಸವೂ ನಡೆದಿರುತ್ತದೆ, ವೇಗ ಮಾತ್ರ ಹತ್ತರಲ್ಲೊಂದು ಪಾಲಿಗೆ ಇಳಿದಿರುತ್ತದೆ, ಏಕೆಂದರೆ 100 ಮೆಗಾಬಿಟ್ಟಿಗೆ ಉಳಿದ ಎರಡೇ ಜೋಡಿ ಸಾಕು. ನಿಮ್ಮ ಅಟ್ಟದಲ್ಲಿ ಇಲಿ ಇವೆ. ಅವಕ್ಕೆ ಕಂದು ಜೋಡಿಯ ರುಚಿ ಹೆಚ್ಚೋ ಏನೋ, ನನ್ನ ಸರ್ವೀಸಿನಲ್ಲಿ ಕಡಿದದ್ದೆಲ್ಲ ಅದೇ.

ಜಗುಲಿಯಿಂದ ಡ್ರೈವನ್ನು ಇಳಿಸು. ಕುಂಕುಮ ಇರಲಿ, ದೀಪ ಬೇಡ. ಮೇ ತಿಂಗಳಲ್ಲಿ ನಮ್ಮಲ್ಲಿ ಹೊರಗೇ ನಲವತ್ತು ದಾಟುವುದುಂಟು. ಒಳಗೆ ಸುತ್ತುವ ತಟ್ಟೆಗೆ ತನ್ನದೇ ಕಾವು ಸಾಕಷ್ಟಿದೆ. ಎಣ್ಣೆಯ ಜಿಡ್ಡು, ಊದುಬತ್ತಿಯ ಬೂದಿ ಫ್ಯಾನಿನ ರೆಕ್ಕೆಗೆ ಕೂತರೆ ಉಸಿರು ಕಟ್ಟುತ್ತದೆ. ಉತ್ತರದ ಗೋಡೆಯ ಕಪಾಟು ತಂಪಿದೆ, ಅಲ್ಲಿಡು, ಹಿಂದೆ ಗೇಣು ಜಾಗ ಬಿಡು. ಸಣ್ಣ ಯುಪಿಎಸ್ ಒಂದು ಬೇಕೇಬೇಕು, ಇದರಲ್ಲಿ ಜಿಪುಣತನ ಮಾಡಬೇಡ. ಯುಪಿಎಸ್‌ನಿಂದ ಡ್ರೈವಿಗೆ ಯುಎಸ್‌ಬಿ ತಂತಿ ಹಚ್ಚಿದರೆ ಬ್ಯಾಟರಿ ಮುಗಿಯುವ ಮೊದಲೇ ಅದು ತಾನಾಗಿ ಎಲ್ಲ ಮುಚ್ಚಿ ಮಲಗುತ್ತದೆ. ಬರೆಯುತ್ತಿರುವಾಗಲೇ ಕರೆಂಟು ಕಡಿಯುವುದಿದೆಯಲ್ಲ, ಡಿಸ್ಕಿಗೆ ಅದಕ್ಕಿಂತ ಕೆಟ್ಟದ್ದು ಕಡಿಮೆ. ಇನ್ನು ಕೇಬಲ್ಲನ್ನು ಮಾಳಿಗೆಯ ಮೇಲಿಂದ ಪಕ್ಕದ ಮನೆಗೆ ಎಳೆಯುವ ಯೋಚನೆ ನಿನ್ನ ತಮ್ಮನಿಗಿದೆಯಂತೆ. ಬೇಡವೆಂದು ನನ್ನ ಹೆಸರಿನಲ್ಲಿ ಹೇಳು. ಮೃಗಶಿರದ ಸಿಡಿಲು ತಾಮ್ರದ ತಂತಿ ಹುಡುಕಿಕೊಂಡು ಬರುವುದನ್ನು ನಾನು ಕಂಬದ ಬುಡದಲ್ಲಿ ನಿಂತು ನೋಡಿದ್ದೇನೆ.

ಈಗ ಮುಖ್ಯ ಮಾತು. ಇಷ್ಟೆಲ್ಲ ಮಾಡಿದ ಮೇಲೆ ನೀನು ‘ಬ್ಯಾಕಪ್ ಆಯ್ತಜ್ಜಾ’ ಅನ್ನುತ್ತೀ. ಆಗಿಲ್ಲವವ್ವಾ.

ಎರಡು ಡಿಸ್ಕು ಹಾಕಿ ಒಂದಕ್ಕೊಂದು ಕನ್ನಡಿ ಹಿಡಿಯುವಂತೆ ಮಾಡಿದರೂ ಆಗಿಲ್ಲ. ಕನ್ನಡಿ ಒಂದು ಡಿಸ್ಕು ಸತ್ತರೆ ಕಾಯುತ್ತದೆ, ನಿಜ. ಆದರೆ ನೀನು ನಿದ್ದೆಗಣ್ಣಲ್ಲಿ ಒಂದು ಫೋಲ್ಡರ್ ಅಳಿಸಿದರೆ ಕನ್ನಡಿಯಲ್ಲೂ ಅದೇ ಕ್ಷಣ ಅಳಿಯುತ್ತದೆ. ಅದಕ್ಕೇ ಡ್ರೈವಿನಲ್ಲಿ ‘ಸ್ನ್ಯಾಪ್‌ಶಾಟ್’ ಎಂಬುದಿದ್ದರೆ ಚಾಲೂ ಮಾಡು. ದಿನಕ್ಕೊಂದು ಗುರುತು ಇಟ್ಟುಕೊಂಡು ನಿನ್ನೆಗೆ ಮರಳುವ ದಾರಿ ಬಿಟ್ಟಿರುತ್ತದೆ. ‘ಜಗತ್ತಿನ ಎಲ್ಲಿಂದಲಾದರೂ ನಿಮ್ಮ ಫೈಲು ನೋಡಿ’ ಎಂಬ ಬಣ್ಣದ ಗುಂಡಿಯೊಂದು ಕಣ್ಣಿಗೆ ಬೀಳುತ್ತದೆ, ಅದನ್ನು ಒತ್ತಬೇಡ. ರೌಟರಿನಲ್ಲಿ ಬಾಗಿಲು ತೆರೆದುಕೊಡುವ ‘ಯುಪಿಎನ್‌ಪಿ’ಯನ್ನೂ ಮುಚ್ಚು. 2021ರ ಜೂನ್‌ನಲ್ಲಿ ಒಂದು ಬೆಳಿಗ್ಗೆ ವೆಸ್ಟರ್ನ್ ಡಿಜಿಟಲ್ ಕಂಪನಿಯ ಮೈ ಬುಕ್ ಲೈವ್ ಎಂಬ ಡ್ರೈವುಗಳನ್ನು ಇಟ್ಟುಕೊಂಡವರು ಎದ್ದು ನೋಡಿದರೆ ಡಬ್ಬಿ ಖಾಲಿ. ಇಂಟರ್‌ನೆಟ್ಟಿನ ಕಡೆಯಿಂದ ಯಾರೋ ಬಂದು ಎಲ್ಲ ಅಳಿಸಿಹೋಗಿದ್ದರು. ಆ ಡ್ರೈವುಗಳಿಗೆ 2015ರ ನಂತರ ಹೊಸ ತಂತ್ರಾಂಶವೇ ಬಂದಿರಲಿಲ್ಲ. ಹಸಿರು ದೀಪ ಅವಕ್ಕೂ ಹತ್ತೇ ಇತ್ತು.

ಎಲ್ಲಕ್ಕಿಂತ ಹೆಚ್ಚಾಗಿ, ಲ್ಯಾಪ್‌ಟಾಪು, ಹಳೇ ಡಿಸ್ಕು, ಹೊಸ ಡ್ರೈವು, ಮೂರೂ ಒಂದೇ ಸೂರಿನಡಿ ಇವೆ. ಕಳ್ಳ ಬಂದರೆ ಮೂರನ್ನೂ ಒಂದೇ ಚೀಲಕ್ಕೆ ಹಾಕುತ್ತಾನೆ. ಬೆಂಕಿ ಬಿದ್ದರೆ ಅದು ಯಾವುದು ಮೂಲ, ಯಾವುದು ನಕಲು ಎಂದು ಕೇಳುವುದಿಲ್ಲ. ಅಮೆರಿಕದ ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕ ಮೂರು-ಎರಡು-ಒಂದು ಎಂಬ ಲೆಕ್ಕವನ್ನು ಜಗತ್ತಿಗೆಲ್ಲ ಹಬ್ಬಿಸಿದ: ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಬೇರೆ ಊರಲ್ಲಿ. ಆತ ಕಲ್ಯಾಣಕ್ಕೆ ಬಂದಿದ್ದರೆ ಪರುಷಕಟ್ಟೆಯ ಮೇಲೆ ಕೂಡಿಸಿ ಒಂದು ಕತೆ ಹೇಳುತ್ತಿದ್ದೆ.

ನಿನಗೆ ಗೊತ್ತಿರುವ ಕತೆಯೇ. ಹನ್ನೆರಡನೇ ಶತಮಾನದಲ್ಲಿ ಇಲ್ಲಿ ಬಿಜ್ಜಳನ ಕಾಲಕ್ಕೆ ಗಲಭೆ ಎದ್ದಾಗ ಶರಣರು ವಚನದ ಕಟ್ಟುಗಳನ್ನು ಹೊತ್ತುಕೊಂಡು ಊರು ಬಿಟ್ಟರು ಎನ್ನುತ್ತದೆ ಪರಂಪರೆ. ಮಡಿವಾಳ ಮಾಚಿದೇವ ಹಿಂದೆ ನಿಂತು ತಡೆದ, ಚನ್ನಬಸವಣ್ಣ, ಅಕ್ಕ ನಾಗಮ್ಮರು ಕಾಡು ಹೊಕ್ಕು ಉಳವಿ ಸೇರಿದರು. ಪುರಾಣದ ಪಾಲೆಷ್ಟು, ಇತಿಹಾಸದ ಪಾಲೆಷ್ಟು ಎಂದು ಪಂಡಿತರು ವಾದಿಸಲಿ. ನಾನು ತಂತಿಯವನ ಕಣ್ಣಿನಿಂದ ನೋಡುತ್ತೇನೆ. ಎಲ್ಲ ಕಟ್ಟುಗಳೂ ಕಲ್ಯಾಣದ ಒಂದೇ ಮಾಡಿನಲ್ಲಿ ಉಳಿದಿದ್ದರೆ? ಇವತ್ತು ಕೋಟೆಯೊಳಗೆ ಹೋಗಿ ನೋಡು, ಚಾಲುಕ್ಯರ ರಾಜಧಾನಿಯ ಎಷ್ಟು ಕಲ್ಲು ಉಳಿದಿವೆ ಎಂದು. ವಿಜ್ಞಾನೇಶ್ವರ ಮಿತಾಕ್ಷರ ಬರೆದ ಊರು ಇದು. ಅವನ ಒಂದು ಓಲೆಯೂ ಇಲ್ಲಿ ಇಲ್ಲ. ಮಿತಾಕ್ಷರ ಉಳಿದದ್ದು ದೇಶದ ತುಂಬ ಅದರ ಪ್ರತಿಗಳು ಹರಡಿದ್ದರಿಂದ.

ವಚನಗಳೂ ಹಾಗೇ. ತಾಳೆಗರಿ ನಮ್ಮ ಹವೆಯಲ್ಲಿ ಎಷ್ಟು ಬಾಳುತ್ತದೆ? ಗೆದ್ದಲು, ಹೊಗೆ, ಸೋರುವ ಮಾಳಿಗೆ. ಹಳೆಯದು ಶಿಥಿಲವಾಗುವ ಮೊದಲು ಯಾರೋ ಕೂತು ಹೊಸ ಗರಿಗೆ ಇಳಿಸಿಕೊಂಡರು, ಅವರ ಮೊಮ್ಮಕ್ಕಳು ಮತ್ತೊಂದಕ್ಕೆ. ಕಡೆಗೆ ವಿಜಯಪುರದ ಫ.ಗು. ಹಳಕಟ್ಟಿಯವರು ಊರೂರು ಅಲೆದು ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಅಚ್ಚು ಹಾಕಿಸಿದರು, ಇದ್ದ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಒಂದು ಓಲೆಕಟ್ಟು ಅಚ್ಚಾಗಿ ಸಾವಿರ ಮನೆ ಸೇರಿದ ಮೇಲೆ ಇನ್ನು ಯಾವ ಬಿಜ್ಜಳನ ಸೈನ್ಯ ಬಂದು ಏನು ಮಾಡೀತು?

ಆದರೆ ಹಳಕಟ್ಟಿಯವರ ಕತೆಯಲ್ಲಿ ನನ್ನ ತಲೆಯೊಳಗೆ ಕೂತದ್ದು ಇನ್ನೊಂದು ಸಂಗತಿ. ಎಷ್ಟೋ ಮನೆಗಳಲ್ಲಿ ಆ ಕಟ್ಟುಗಳಿಗೆ ದಿನಾ ಪೂಜೆಯಾಗುತ್ತಿತ್ತು. ವಿಭೂತಿ, ಹೂ, ದೀಪ. ಬಿಚ್ಚಿ ಓದುವವರು ಮಾತ್ರ ಇರಲಿಲ್ಲ. ಒಳಗೆ ಹುಳು ತಿಂದಿದೆಯೋ ಅಕ್ಷರ ಉಳಿದಿದೆಯೋ ಯಾರಿಗೂ ಗೊತ್ತಿಲ್ಲ. ನಿನ್ನ ಫೋಟೊ ನೋಡಿದ ಕೂಡಲೇ ನನಗೆ ಅದೇ ನೆನಪಾಯಿತು. ಹಸಿರು ದೀಪ ಮಿನುಗುತ್ತಿದೆ, ನೆತ್ತಿಗೆ ಕುಂಕುಮ ಇದೆ, ಒಳಗೆ ಏನಿದೆ? ಪ್ರತಿ ಅಮಾವಾಸ್ಯೆಗೆ ಒಂದು ಫೈಲು ಆರಿಸು. ಒಮ್ಮೆ ಬೀಸುಕಲ್ಲಿನ ಪದ, ಒಮ್ಮೆ ಜಲಸಂಗ್ವಿಯ ಫೋಟೊ. ಬ್ಯಾಕಪ್ಪಿನಿಂದ ಲ್ಯಾಪ್‌ಟಾಪಿಗೆ ಮರಳಿ ಇಳಿಸು, ತೆರೆ, ಪೂರ್ತಿ ಕೇಳು, ಪೂರ್ತಿ ನೋಡು. ತೆರೆಯದಿದ್ದರೆ ಅದು ಬ್ಯಾಕಪ್ಪಲ್ಲ, ಗದ್ದುಗೆ.

ಜಲಸಂಗ್ವಿ ಎಂದೆನಲ್ಲ. ಅಲ್ಲಿಯ ಗುಡಿಯ ಗೋಡೆಯ ಮೇಲೆ ಚಾಲುಕ್ಯರ ವಿಕ್ರಮಾದಿತ್ಯನನ್ನು ಹೊಗಳುವ ಶ್ಲೋಕವನ್ನು ಕಲ್ಲಿನ ಮೇಲೆ ಬರೆಯುತ್ತ ನಿಂತ ಶಿಲಾಬಾಲಿಕೆಯನ್ನು ನೀನು ನಲವತ್ತು ಕೋನದಿಂದ ತೆಗೆದಿದ್ದೀ. ಒಂಬೈನೂರು ವರ್ಷದಿಂದ ಕೈ ಎತ್ತಿಕೊಂಡೇ ನಿಂತಿದ್ದಾಳೆ. ಅವಳ ಬರಹದ ಮೂಲ ಇರುವುದು ಅದೊಂದೇ, ಅದೂ ಮಳೆ-ಬಿಸಿಲಿಗೆ ಸವೆಯುತ್ತಿದೆ. ಈಗ ನಿನ್ನ ಬಳಿ ಒಂದು ಪ್ರತಿ ಇದೆ. ನಿನ್ನ ಡಿಸ್ಕು ಅವಳಷ್ಟು ದಿನ ನಿಲ್ಲುವುದಿಲ್ಲ. ಐದಾರು ವರ್ಷ ಓಡಿದರೆ ದೊಡ್ಡದು. ನಿಮ್ಮೂರ ಸುತ್ತಲ ಹಳ್ಳಿಗಳಲ್ಲಿ ನೀನು ಹಿಡಿದಿಟ್ಟ ಮುದುಕಿಯರ ಹಾಡಿಗೂ ಅಷ್ಟೇ. ಅವರಲ್ಲಿ ಇಬ್ಬರು ತೀರಿಕೊಂಡರೆಂದು ನೀನೇ ಹೋದ ಸಲ ಹೇಳಿದ್ದೆ.

ಹಾಗಾಗಿ ಒಂದು ಏರ್ಪಾಡು ಮಾಡಿದ್ದೇನೆ. ನನ್ನ ಬ್ಯಾಕಪ್ಪಿನ ಪ್ರತಿ ನಿನ್ನ ಮನೆಯಲ್ಲಿರಲಿ, ನಿನ್ನದು ನನ್ನ ಮನೆಯಲ್ಲಿರಲಿ. ಕಲ್ಯಾಣಕ್ಕೂ ಹುಮನಾಬಾದಿಗೂ ನಡುವೆ ಮೂವತ್ತು ಕಿಲೋಮೀಟರ್ ಆಸುಪಾಸು ಇದೆ. ಒಂದೇ ಸಿಡಿಲು ಎರಡೂ ಕಡೆ ಬಡಿಯಲಾರದು. ಮುಂದೆ ದಿನದಿನದ ಸಣ್ಣ ಬದಲಾವಣೆಗಳನ್ನು ಇಂಟರ್‌ನೆಟ್ಟಿನ ಮೇಲೆಯೇ ಸಾಗಿಸೋಣ. ಮನೆಯ ಫೈಬರಿಗೆ ಕಂಪನಿಗಳು ಸಾಮಾನ್ಯವಾಗಿ ಸ್ವಂತ ಬಹಿರಂಗ ವಿಳಾಸ ಕೊಡುವುದಿಲ್ಲ, ನೂರಾರು ಮನೆಗೆ ಒಂದೇ ವಿಳಾಸ ಹಂಚಿರುತ್ತಾರೆ. ಆದ್ದರಿಂದ ಬಾಗಿಲು ತೆರೆಯುವ ಮಾತೇ ಇಲ್ಲ, ಟೇಲ್‌ಸ್ಕೇಲ್‌ನಂಥ ಗುಪ್ತ ಸುರಂಗ ಬೇಕು. ಅದನ್ನು ನೀನೇ ಹಾಕಿಕೊಡು, ನನ್ನ ಬುದ್ಧಿ ಅಲ್ಲಿಗೆ ನಿಂತಿತು. ಆದರೆ ಮೊದಲ ರಾಶಿಯನ್ನು ಇಂಟರ್‌ನೆಟ್ಟಿನಲ್ಲಿ ಕಳಿಸಬೇಡ. ನಿನ್ನ ಫೈಬರು ಮೇಲಕ್ಕೆ ಕಳಿಸುವುದು ಸೆಕೆಂಡಿಗೆ 40 ಮೆಗಾಬಿಟ್. 600 ಗಿಗಾಬೈಟಿಗೆ ಎಲ್ಲೂ ಕಡಿಯದಿದ್ದರೂ 33 ಗಂಟೆ. ಅದೇ ಡಿಸ್ಕು ಸರಕಾರಿ ಬಸ್ಸು ಹತ್ತಿ ಸಸ್ತಾಪುರ ಬಂಗ್ಲಾ, ರಾಜೇಶ್ವರ ದಾಟಿ ಒಂದು ಗಂಟೆಯಲ್ಲಿ ಬಂದರೆ ಲೆಕ್ಕ ಹಾಕು: ಸೆಕೆಂಡಿಗೆ 1,300 ಮೆಗಾಬಿಟ್ಟಿಗಿಂತ ಹೆಚ್ಚು. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನಷ್ಟು ವೇಗದ ಫೈಬರು ನಮ್ಮ ಜಿಲ್ಲೆಯ ಯಾವ ಮನೆಗೂ ಬಂದಂತೆ ಕಾಣೆ.

ಪಕ್ಕದ ಮನೆಯ ಹುಡುಗ ಮಧ್ಯಾಹ್ನದ ಬಸ್ಸಿಗೆ ಅಲ್ಲಿಗೆ ಬರುತ್ತಿದ್ದಾನೆ. ಅವನ ಕೈಯಲ್ಲಿ ಈ ಕಾಗದ, ಒಂದು ಡಬ್ಬಿ ಶೇಂಗಾ ಹೋಳಿಗೆ, ನನ್ನ ಡಿಸ್ಕು ಕಳಿಸಿದ್ದೇನೆ. ಡಿಸ್ಕನ್ನು ಮೇಲಿನ ಕಂಬಿಯ ಮೇಲೆ ಇಡಬೇಡ, ತೊಡೆಯ ಮೇಲಿಟ್ಟುಕೊ ಎಂದು ಅವನಿಗೆ ಮೂರು ಸಲ ಹೇಳಿದ್ದೇನೆ. ಹೆದ್ದಾರಿಯಲ್ಲಿ ಹೆದರಿಕೆಯಿಲ್ಲ, ನಮ್ಮೂರಿನಿಂದ ಹೆದ್ದಾರಿಯವರೆಗಿನ ಗುಂಡಿಗಳಿಗೆ ಹೆದರಬೇಕು. ಒಳಗಿನದೆಲ್ಲ ಗುಪ್ತಲಿಪಿಯಲ್ಲಿದೆ, ಬಸ್ಸಿನಲ್ಲಿ ಬಿಟ್ಟು ಇಳಿದರೂ ಯಾರಿಗೂ ಓದಲು ಬಾರದು. ಪಾಸ್‌ವರ್ಡನ್ನು ಈ ಕಾಗದದಲ್ಲಿ ಬರೆದಿಲ್ಲ, ರಾತ್ರಿ ಫೋನಿನಲ್ಲಿ ಹೇಳುತ್ತೇನೆ. ಆಗಾದರೂ ‘ಹೂಂ ಹೂಂ’ ಅನ್ನದೆ ಬರೆದುಕೊ.

ಡಿಸ್ಕು ಸುತ್ತಿದ ಬಟ್ಟೆ ನಿಮ್ಮಜ್ಜಿ ಹೊಲಿದ ಕೌದಿಯ ತುಂಡು. ಅದು ನನಗೆ ವಾಪಸು ಬೇಕು. ನಿನ್ನ ಡಿಸ್ಕನ್ನು ಅದರಲ್ಲೇ ಸುತ್ತಿ ಗುರುವಾರದೊಳಗೆ ಕಳಿಸು.

ಕರೆಂಟು ಬಂತು. ಒಳಗೆ ನನ್ನ ಡಬ್ಬಿ ಕೊಂಯ್ ಎಂದು ಏಳುತ್ತಿದೆ. ಅದೇ ನಂಬರಿಗೆ ಬಂದು ಕೂತಿತೋ ಇಲ್ಲವೋ ಹೋಗಿ ನೋಡುತ್ತೇನೆ.

ನಿನ್ನ
ಅಜ್ಜ